ರವಿವಾರಕ್ಕೊಂದು ಪ್ರಶ್ನೆ

ಜೀಡಿಮೆಟ್ಲಾ, ಹೈದರಾಬಾದ್
೧೮ ಫೆಬ್ರುವರಿ ೨೦೨೪, ರವಿವಾರ ಸಂಜೆ

ಪ್ರೀತಿಯ ಕಾವ್ಯಾ,

ಅತ್ತೆಯವರ ಸೊಂಟ ಈಗ ಹೇಗಿದೆ? ಕೋಲು ಹಿಡಿದು ಅಂಗಳದವರೆಗೆ ನಡೆದರೆಂದು ಮಗಳು ಪಿಂಕಿ ಫೋನಿನಲ್ಲಿ ಹೇಳಿದಳು, ಖುಷಿಯಾಯಿತು. ಅವರ ಸೇವೆಯಲ್ಲಿ ನಿನ್ನ ಊಟ ಮರೆಯಬೇಡ. ನಾನು ಆರಾಮವಾಗಿದ್ದೇನೆ. ರೊಟ್ಟಿ ಇನ್ನೂ ದುಂಡಗೆ ಬರುತ್ತಿಲ್ಲ, ಆದರೆ ಹೊಟ್ಟೆಗೆ ಅದು ಗೊತ್ತಾಗುವುದಿಲ್ಲ.

ಇಂದು ನಡೆದದ್ದನ್ನು ಹೇಳುವ ಮೊದಲು ಶುರುವಿನದನ್ನು ಹೇಳಬೇಕು. ನೀನು ಹುಮನಾಬಾದಿನ ತವರಿಗೆ ಹೋದ ಮೇಲಿನ ಮೊದಲ ರವಿವಾರ ಕುಕ್ಕರಿನ ರಬ್ಬರು ತರಲು ಬಾಲಾನಗರಕ್ಕೆ ಹೊರಟೆ. ಕಂಡಕ್ಟರ್ ಎಲ್ಲಿಗೆಂದು ಕೇಳಿದಾಗ ‘ಬಾ’ ತುಟಿಗೇ ಅಂಟಿಕೊಂಡಿತು. ಪಕ್ಕದವರು ನಕ್ಕರು. ಗಾಬರಿಯಲ್ಲಿ ಸಲೀಸಾಗಿ ಬಂದ ಹೆಸರು ಹೇಳಿಬಿಟ್ಟೆ, ಅಫ್ಜಲ್‌ಗಂಜ್. ಈ ಉಗ್ಗಿನ ದೆಸೆಯಿಂದ ಮೂವತ್ತಾರು ವರ್ಷ ಹೀಗೇ ಬದುಕಿದ್ದೇನೆ, ಬೇಕಾದ ಮಾತು ಬಿಟ್ಟು ಬರುವ ಮಾತು ಆಡುತ್ತ. ದೋಸೆ ತಿನ್ನುವ ಆಸೆಯಾದರೂ ಇಡ್ಲಿ ಹೇಳುತ್ತೇನೆ. ಅಂದು ನಾಚಿಕೆಯಿಂದ ಅಫ್ಜಲ್‌ಗಂಜಿನವರೆಗೂ ಹೋದೆ. ಅಲ್ಲಿ ನನಗೇನು ಕೆಲಸ? ಸೇತುವೆ ದಾಟಿ ಸಾಲಾರ್‌ಜಂಗ್ ಮ್ಯೂಸಿಯಂ ಹೊಕ್ಕೆ.

ಗಂಟೆ ಬಾರಿಸುವ ಗಡಿಯಾರ ನೋಡಿ ಜನ ಚದುರಿದ ಮೇಲೆ ವಯಸ್ಸಾದ ಕಾವಲುಗಾರರೊಬ್ಬರೇ ಉಳಿದರು. ಏನನ್ನಿಸಿತೋ, ದಿನಾ ಇದನ್ನೇ ನೋಡಿ ಬೇಸರವಾಗುವುದಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದೆ. ನಾಲ್ಕು ಕಡೆ ತಡೆಯಿತು. ಅವರು ಅವಸರಪಡಲಿಲ್ಲ. ತಾನು ಗಡಿಯಾರ ನೋಡುವುದೇ ಇಲ್ಲ, ನೋಡಲು ಬಂದವರ ಮುಖ ನೋಡುತ್ತೇನೆ ಎಂದರು! ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಬಂದೆ. ಅಂದೇ ಪಣ ತೊಟ್ಟೆ: ರವಿವಾರಕ್ಕೊಂದು ಹಳೆಯ ಜಾಗ, ಜಾಗಕ್ಕೊಂದು ಪ್ರಶ್ನೆ. ಬೇಕಾದ ಶಬ್ದವನ್ನೇ ಆಡಬೇಕು, ಸುಲಭದ್ದಕ್ಕೆ ಜಾರಬಾರದು.

ಚೌಮಹಲ್ಲಾ ಅರಮನೆಯಲ್ಲಿ ತೂಗುದೀಪಗಳ ಧೂಳು ಹೇಗೆ ಒರೆಸುತ್ತೀರೆಂದು ಕೇಳಿ ಗೆದ್ದೆ. ಪಬ್ಲಿಕ್ ಗಾರ್ಡನ್ಸಿನ ಮ್ಯೂಸಿಯಂನಲ್ಲಿ ಈಜಿಪ್ಟಿನ ಹಳೆಯ ಹೆಣದ ಬಗ್ಗೆ ಕೇಳಹೋಗಿ ‘ಮಮ್ಮಿ’ ಎನ್ನಲು ಬಾಯಿ ಬರಲೇ ಇಲ್ಲ, ಸೋತು ಬಂದೆ. ಮುಂದಿನ ವಾರ ಅಲ್ಲಿಗೇ ಹೋಗಿ ಕೇಳಿದೆ.

ಇಂದು ಗೋಲ್ಕೊಂಡಾ ಕೋಟೆ. ಬಾಗಿಲ ಗುಮ್ಮಟದಡಿ ಗೈಡ್ ಚಪ್ಪಾಳೆ ತಟ್ಟಿ ತೋರಿಸುತ್ತ ತೆಲುಗಿನಲ್ಲಿ ವಿವರಿಸುತ್ತಿದ್ದ. ಗದಗಿನ ಕಡೆಯ ಇಪ್ಪತ್ತು ಮಂದಿ ಅರ್ಥವಾಗದೆ ನಿಂತಿದ್ದರು. ಅವರ ಕನ್ನಡ ಕಿವಿಗೆ ಬಿದ್ದ ಖುಷಿಗೆ ನಾನು ನಕ್ಕದ್ದನ್ನು ಒಬ್ಬ ಅಜ್ಜಿ ಕಂಡರು. “ತಮ್ಮಾ, ಅಂವ ಏನ್ ಹೇಳಾಕತ್ತಾನ? ಕನ್ನಡದಾಗ ಒಂದೀಟು ಹೇಳಪಾ.” ಎಲ್ಲರೂ ನನ್ನತ್ತ ತಿರುಗಿದರು. ‘ಚಪ್ಪಾಳೆ’ ಎಂಬಲ್ಲೇ ಸಿಕ್ಕಿಬಿದ್ದೆ. ‘ಕೈ ತಟ್ಟುವುದು’ ಎಂದು ಪಾರಾಗಬಹುದಿತ್ತು, ಪಣ ನೆನೆದು ಹಾಗೆ ಮಾಡಲಿಲ್ಲ. ಹಿಂದೊಬ್ಬ ಕಿಸಕ್ಕೆಂದ. ಅಜ್ಜಿ ಅವನನ್ನು ದುರುಗುಟ್ಟಿ ನೋಡಿ, “ಸಾವಕಾಶ ಹೇಳಪಾ, ಕ್ವಾಟಿ ಏನ್ ಓಡಿ ಹೋಗಂಗಿಲ್ಲ” ಎಂದರು.

ಚಪ್ಪಾಳೆ ಬಂತು, ಕಾವ್ಯಾ. ಅದರ ಬೆನ್ನಿಗೆ ಉಳಿದದ್ದೂ ಬಂತು. ಇಲ್ಲಿ ತಟ್ಟಿದ ಸದ್ದು ಗುಡ್ಡದ ತುದಿಗೆ ಕೇಳುವುದನ್ನು ಹೇಳಿದೆ, ಅರ್ಧ ಜನರನ್ನು ಕೆಳಗೆ ನಿಲ್ಲಿಸಿ ಉಳಿದವರೊಂದಿಗೆ ಮೇಲೆ ಹತ್ತಿದೆ. ಮೆಟ್ಟಿಲಿಗೊಮ್ಮೆ ತಡವರಿಸಿದೆ, ಆದರೂ ಯಾರೂ ನನ್ನ ಬಿಟ್ಟು ಮುಂದೆ ಹೋಗಲಿಲ್ಲ. ತುದಿಯಲ್ಲಿ ನಿಂತಾಗ ಕೆಳಗಿನ ಚಪ್ಪಾಳೆ ಸಣ್ಣಗೆ ಕೇಳಿಬಂತು, ಎಲ್ಲರೂ ಹೋ ಎಂದು ಕೂಗಿದರು. ಯಾರೋ ನನ್ನ ಹೆಸರು ಕೇಳಿದರು. ‘ವಿ’ ಕಷ್ಟವೆಂದು ನಾನು ಸದಾ ಕುಮಾರ ಎನ್ನುವವನು. ಇಂದು ಇಡೀ ಹೆಸರು ಹೇಳಿದೆ.

ಅತ್ತೆಯವರಿಗೆ ನನ್ನ ನಮಸ್ಕಾರ, ಪಿಂಕಿಯ ಎರಡೂ ಗಲ್ಲಕ್ಕೆ ಮುತ್ತು.

ನಿನ್ನ
ವಿಜಯಕುಮಾರ

ತಾಜಾ ಕಲಂ: ಇದನ್ನು ಹೇಳಲು ಅಂಜಿಯೇ ಅಷ್ಟುದ್ದ ಬರೆದೆ. ನಾನು ತಡೆದಾಗಲೆಲ್ಲ ನೀನು ಪ್ರೀತಿಯಿಂದ ನನ್ನ ಮಾತು ಮುಗಿಸಿಕೊಡುತ್ತೀ. ಊರಿಂದ ಬಂದ ಮೇಲೆ ಮುಗಿಸಬೇಡ, ಕಾಯು. ನಾನು ಹೇಳಹೊರಟದ್ದು ಎಷ್ಟೋ ಸಲ ಬೇರೆಯೇ ಇತ್ತು.