ಬಾವಿಗೆ ಬಿದ್ದ ಜಲಪಾತ

೧೭ ಏಪ್ರಿಲ್ ೨೦೧೬, ಉದಗೀರ

ಬಟ್ಟೆ ವ್ಯಾಪಾರಿ ವಿಶ್ವನಾಥಪ್ಪನವರ ಹೊಸ ಅಂಗಡಿಯ ಗೋಡೆಗೆ ಜಲಪಾತದ ಫೋಟೋ ಬೇಕಂತೆ, ಅದೂ ಸೂರ್ಯ ಮುಳುಗುವಾಗಿನದು. ಗಿರಾಕಿಗೆ ತಂಪನಿಸಬೇಕಂತೆ. ಈ ಬರದಲ್ಲಿ ಎಲ್ಲಿಂದ ತರಲಿ? ಹಳ್ಳದ ಧಬಧಬೆಗೆ ಹೋದರೆ ನೀರು ಬೀಳುವ ಜಾಗದಲ್ಲಿ ಬರೀ ಬಂಡೆ, ಆಡಿನ ಹಿಕ್ಕೆ.

ಸೂರ್ಯ ಮುಳುಗುವ ಹೊತ್ತಿಗೆ ವಾಪಸು ಬರುವಾಗ ಜಳಕೋಟದ ಹತ್ತಿರ ಒಂದು ಹಳ್ಳಿಯ ಬಾವಿಗೆ ಟ್ಯಾಂಕರ್ ನೀರು ಸುರಿಯುತ್ತಿತ್ತು. ಹೆಂಗಸರು ಕೊಡ ಹಿಡಿದು ಓಡಾಡುತ್ತಿದ್ದರು. ಟ್ಯಾಂಕರ್ ಕಾಣದಂತೆ ಟ್ರೈಪಾಡ್ ಇಟ್ಟು, ಕ್ಯಾಮೆರಾದ ಶಟರ್ ಬಹಳ ಹೊತ್ತು ತೆರೆದಿಟ್ಟೆ. ಬಾವಿಯ ಕಲ್ಲುಗೋಡೆಯ ಮೇಲಿಂದ ಬೀಳುವ ನೀರು ಚಿತ್ರದಲ್ಲಿ ಹಾಲಿನಂತಾಯಿತು. ಓಡಾಡಿದವರೆಲ್ಲ ಅಳಿಸಿಹೋದರು. ನೂಕಾಟಕ್ಕೆ ಹೆದರಿ, ಖಾಲಿ ಕೊಡ ಹಿಡಿದು ಅಲ್ಲಾಡದೆ ನಿಂತಿದ್ದ ಪ್ರಯಾಗಬಾಯಿ ಎಂಬ ಮುದುಕಿಯೊಬ್ಬಳೇ ಚಿತ್ರದಲ್ಲಿ ಬಂದಳು.

ಕ್ಯಾಮೆರಾದಲ್ಲಿ ನೋಡಿ ಕೇಳಿದಳು: "ಇಷ್ಟ ಮಂದಿ ಇದ್ದಿವಲ್ಲಪ್ಪಾ, ಎಲ್ಲಾರೂ ಎಲ್ಲಿ ಹೋದ್ರು?"

"ಓಡಾಡಿದವರು ಬರಂಗಿಲ್ಲ ಆಯಿ, ನಿಂತವರಷ್ಟ ಬರ್ತಾರ."

"ಫೋಟೋದಾಗರ ನಾ ಉಳದೀನಲ್ಲ" ಎಂದು ನಕ್ಕಳು.

ರಾತ್ರಿ ವಿಶ್ವನಾಥಪ್ಪನವರಿಗೆ ತೋರಿಸಿದೆ. "ಭಾಳ ಛಲೋ ಬಂದದ. ಆ ಮುದುಕಿನ್ನ ತಗದಬಿಡು, ನೀರಷ್ಟ ಇರ್ಲಿ" ಎಂದರು.

ಕಂಪ್ಯೂಟರಿನಲ್ಲಿ ಮೊದಲು ಕೊಡ ಅಳಿಸಿದೆ. ಆಮೇಲೆ ಕೈ, ಸೆರಗು, ಕಾಲು. ಮುಖವೊಂದು ಉಳಿದಿದೆ. ಬೆಳಿಗ್ಗೆ ಪ್ರಿಂಟ್ ಹಾಕಿಸಬೇಕು.