ಮಗಳ ಹೆಸರಿನ ಪೆಟ್ಟಿಗೆ

ಮಾರ್ಚ್ 5, ಸಂಜೆ

ಇಲ್ಲಿ ಕೂಡ ಬರೆಯದೆ ಬಿಡೋಣ ಅಂತಿದ್ದೆ. ಮೂರು ಜೇನುಪೆಟ್ಟಿಗೆಗೆ ರೋಗ ಅಂತ ಮನೆಯಲ್ಲಿ ಹೇಳಿದ್ದೇನೆ. ಮೂರಲ್ಲ, ನಾಲ್ಕು. ನಾಲ್ಕನೆಯದು ಮಗಳದು.

ಎಂದಿನ ಹಾಗೆ ತಿಂಡಿ ಮುಗಿಸಿ, ಜಾಲರಿ ಮುಸುಕು ಹಾಕಿಕೊಂಡು ತೋಟಕ್ಕೆ ಹೋದದ್ದು. ಮಾವನ ಕಣ್ಣು ಮಂಜಾದ ಮೇಲೆ ಜೇನುಪೆಟ್ಟಿಗೆ ತೆರೆದು ನೋಡುವುದು ನನ್ನ ಕೆಲಸ. ಮೊದಲ ಮುಚ್ಚಳ ಎತ್ತಿದಾಗಲೇ ವಾಸನೆ, ಹಳೆಯ ಗೋಂದಿನದು. ಮೇಣದ ಎರಿಯಲ್ಲಿ ಮರಿಗಳ ಕೋಣೆಗಳು ಕುಸಿದು ಕಪ್ಪಾಗಿದ್ದವು. ಬೆಂಕಿಕಡ್ಡಿ ಚುಚ್ಚಿ ಎಳೆದೆ. ಸತ್ತ ಮರಿ ಕಂದು ನೂಲಾಗಿ ಕಡ್ಡಿಯ ಹಿಂದೆಯೇ ಬಂತು. ಹಾಗೆ ಬಂದರೆ ಮುಗಿಯಿತು. ಔಷಧಿಯಿಲ್ಲ, ಬೆಂಕಿಯೊಂದೇ.

ಮಗಳ ಪೆಟ್ಟಿಗೆಯಲ್ಲಿ ಒಂದೇ ಒಂದು ಕೋಣೆಯ ಮೇಲೆ ಅನುಮಾನ. ಚುಚ್ಚಿದೆ. ನೂಲು ಬಂತು. ಚಿಕ್ಕದು, ಬೇಗ ತುಂಡಾಯಿತು… ಮುಚ್ಚಳ ಮುಚ್ಚಿ ಬಂದುಬಿಟ್ಟೆ.

ಮಾವನ ಅಮ್ಮ ಬಾವಿಗೋಡೆಯ ಸಂದಿಯಿಂದ ಹಿಡಿದು ತಂದ ಕುಟುಂಬವೇ ನಮ್ಮ ಜೇನಿನ ಮೂಲ. ಮಗಳು ಹುಟ್ಟಿದ ವಾರ ಮಾವ ಅದರಿಂದ ಒಂದು ಪಾಲು ತೆಗೆದು ಅವಳ ಹೆಸರಿಗಿಟ್ಟರು. "ಜಮೀನು ಹಂಚಿದ್ರೆ ಚಿಕ್ಕದಾಗುತ್ತೆ. ಜೇನು ಹಂಚಿದ್ರೆ ಎರಡಾಗುತ್ತೆ" ಅಂದಿದ್ದರು. ಈಗ ಅವಳು ಡಿಪ್ಲೊಮಾ ಮುಗಿಸಿ, ಸಿಕ್ಕ ಕೆಲಸ ಬೇಡವೆಂದು, ಇದೇ ತಿಂಗಳ ಇಪ್ಪತ್ಮೂರಕ್ಕೆ ಬರುತ್ತಿದ್ದಾಳೆ. ಇಲ್ಲೇ ಇರಲು, ತೋಟ ನೋಡಿಕೊಳ್ಳಲು. ಅವಳಿಗೆ ಏನಂತ ಹೇಳಲಿ?

ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಶುರು ಮಾಡಿದ್ದೆ. ಯಾರದೋ ರಿಪೋರ್ಟಿನ ಹಾಗೆ ಕಂಡಿತು. ಹರಿದೆ.

ಮಾರ್ಚ್ 6

ಮೂರೂ ಸುಟ್ಟೆವು. ಹುಳುಗಳೆಲ್ಲ ಗೂಡಿಗೆ ಮರಳುವವರೆಗೆ ಕಾದು, ಬಾಗಿಲಿಗೆ ಬಟ್ಟೆ ತುರುಕಿ, ಪೆಟ್ರೋಲ್ ಸುರಿದು. ಇವರು ಗುಂಡಿ ತೋಡಿದರು.

"ಇನ್ನೂ ಆಳ ಬೇಕು ರೀ."

"ಇನ್ನೂ ತೋಡಿದ್ರೆ ನೀರು ಬರುತ್ತೆ ಕಣೇ. ಅದೊಂದು ಲಾಭವಾದ್ರೂ ಆಗ್ಲಿ."

ಮಾವ ಕೋಲೂರಿ ನಿಂತಿದ್ದರು. "ಹುಳ ಸುಡಿ, ಬೇಡ ಅನ್ನಲ್ಲ. ಪೆಟ್ಟಿಗೆ ಯಾಕೆ? ನನ್ನ ಕೈಯಾರೆ ಕೂಡಿಸಿದ್ದು."

"ರೋಗ ಮರದೊಳಗೇ ಕೂತಿರುತ್ತೆ ಮಾವ. ನಲವತ್ತು ವರ್ಷ ಆದ್ರೂ ಸಾಯಲ್ಲ."

"ನನಗಿಂತ ಗಟ್ಟಿ ಅನ್ನು."

ಯಾರೂ ನಗಲಿಲ್ಲ. ಮಣ್ಣು ಮುಚ್ಚುವಾಗ ಇವರು ಕೇಳಿದರು, "ಮಿಕ್ಕಿದ್ದೆಲ್ಲ ಸರಿ ಇದೆ ತಾನೆ?"

ಹೂಂ ಅಂದೆ. ಎಷ್ಟು ಸಲೀಸಾಗಿ ಬಂತು ಆ ಹೂಂ.

ಮಾರ್ಚ್ 9

ಫೋನಿನಲ್ಲಿ ಮಗಳು. ಮೂರು ಪೆಟ್ಟಿಗೆ ಸುಟ್ಟದ್ದು ಹೇಳಿದೆ. "ಅಮ್ಮ, ನಂದು?"

"ಚೆನ್ನಾಗಿದೆ."

"ಸತ್ಯ ಹೇಳು."

"ನಾನೇ ನೋಡಿದೀನಲ್ಲ."

ಬಲವಾದ ಕುಟುಂಬ ಸತ್ತ ಮರಿಗಳನ್ನು ತಾನೇ ಎತ್ತಿ ಹೊರಗೆ ಹಾಕುವುದುಂಟು ಅಂತ ಒಂದು ಕಡೆ ಓದಿದೆ. ಮುಂದಿನ ವಾಕ್ಯ ಓದಲಿಲ್ಲ. "ಆದರೆ" ಅಂತ ಶುರುವಾಗಿತ್ತು.

ಮಾರ್ಚ್ 17



ಬಟ್ಟೆ ಒಣಹಾಕುತ್ತಿದ್ದೆ. ಬೇಲಿಯಾಚೆಯ ಅಕ್ಕ ಕರೆದರು. ಗಂಡ ಹೋದ ಮೇಲೆ ಜೇನು ಮಾರಿಯೇ ಅವರ ಸಂಸಾರ. "ನಿಮ್ಮ ಮಾವ ಶುಕ್ರವಾರ ಒಂದು ಎರಿ ಕೊಟ್ರು ಕಣಮ್ಮ. ಮಗಳನ್ನ ಮದುವೆ ಮಾಡಿ ಕಳಿಸೋರ ಹಾಗೆ ನಾಲ್ಕು ಸಲ ಹೇಳಿ ಕೊಟ್ರು, ಹುಷಾರಾಗಿ ನೋಡ್ಕೋ ಅಂತ."

"ಯಾವ ಪೆಟ್ಟಿಗೆದು ಅಕ್ಕ?"

"ನಿಮ್ಮ ಹುಡುಗೀದು. ಅದೇ ಜೋರಾಗಿದೆಯಂತಲ್ಲ."

ಈ ಮನೆಯ ಪದ್ಧತಿಯೇ ಅದು. ಸೊರಗಿದ ಗೂಡಿಗೆ ಬಲವಾದ ಗೂಡಿನಿಂದ ಮರಿ ತುಂಬಿದ ಒಂದು ಎರಿ ಎತ್ತಿ ಕೊಡುವುದು. ಮಾವನಿಗೆ ಅದಕ್ಕೆ ಕಣ್ಣು ಬೇಡ, ಕೈಗೇ ತೂಕ ಗೊತ್ತು. ನಾನು ಆ ದಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಇದ್ದಿದ್ದರೆ ತಡೆಯುತ್ತಿದ್ದೆನೇ? ಏನು ಹೇಳಿ?

ಓಡಿಹೋಗಿ ಮಗಳ ಪೆಟ್ಟಿಗೆ ತೆರೆದೆ. ಒಂದು ಕೋಣೆಯಲ್ಲ ಈಗ. ಅಂಗೈಯಗಲ ಕುಸಿದಿದೆ.

ಮಾರ್ಚ್ 18

ಇವರಿಗೆ ಹೇಳಿದೆ, ಎರಿಯ ತುಂಡು ಪರೀಕ್ಷೆಗೆ ಕಳಿಸೋಣ ಅಂತಲೂ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಲ್ಯಾಬಿಗೆಲ್ಲ ಕಳಿಸೋದು ಬೇಡ. ರೋಗ ಅಂತ ಅವರು ಬರೆದುಕೊಟ್ರೆ ಇಲಾಖೆಯೋರು ಬಂದು ಒಂದನ್ನೂ ಬಿಡಲ್ಲ. ನಮ್ಮದೊಂದು, ಅಕ್ಕಂದೊಂದು, ನಾವೇ ಸುಟ್ಟುಬಿಡೋಣ. ಅವರಿಗೆ ಹೊಸದು ಕೊಟ್ರಾಯ್ತು."

"ಹೊಸದು ಎಲ್ಲಿಂದ ಕೊಡ್ತೀರಿ?"

"ನಮ್ಮದರಲ್ಲೇ ಒಂದು ಪಾಲು…" ಅಂದವರು ಅಲ್ಲಿಗೇ ನಿಂತರು.

ಮಾವನ ಕೈಯಿಂದ ಎರಿ ಪಡೆಯದ ಪೆಟ್ಟಿಗೆ ನಮ್ಮ ತೋಟದಲ್ಲಿ ಒಂದೂ ಇಲ್ಲ. ನೋಡಲು ಚೆನ್ನಾಗಿರುವುದರ ಒಳಗೂ ಏನು ಕೂತಿದೆಯೋ, ಲ್ಯಾಬಿನವರೇ ಹೇಳಬೇಕು. ಎಲ್ಲ ಒಂದೇ ರಕ್ತ ಅಂತ ಹೆಮ್ಮೆಪಡುತ್ತಿದ್ದೆವು. ಆ ಹೆಮ್ಮೆಯ ದಾರಿಯಲ್ಲೇ ಬಂದಿದೆ ರೋಗ.

ಮಾರ್ಚ್ 21

ಮೂರು ದಿನ ಬಾಯಿ ಬರಲಿಲ್ಲ. ಇವತ್ತು ಮಾವನಿಗೆ ಕಾಫಿ ಕೊಡುತ್ತಾ ಹೇಳಿದೆ. ಲೋಟ ಕೆಳಗಿಟ್ಟರು.

"ನಿನಗೆ ಯಾವತ್ತು ಗೊತ್ತಾಯ್ತು?"

"ಐದನೇ ತಾರೀಖು."

"ನಾನು ಎರಿ ಕೊಟ್ಟಿದ್ದು ಅದಾದ ಮೇಲೆ."

"ಹೌದು ಮಾವ."

 ಮೆಲ್ಲಗೆ, "ನನಗೆ ಕಣ್ಣು ಕಾಣಲ್ಲಮ್ಮ. ನಿನ್ನ ಕಣ್ಣಿದೆಯಲ್ಲ ಅಂತ ಇದ್ದೆ" ಅಂದರು.

ನಾನು ಮಗಳಿಗೋಸ್ಕರ ಅಂತ ಬಾಯಿ ತೆರೆದೆ. ಮುಚ್ಚಿದೆ. ನಿಜವಾಗಿ ಅವಳಿಗೋಸ್ಕರವೇ? ಬಂದವಳ ಮುಂದೆ ಬರಿಗೈಯಲ್ಲಿ ನಿಲ್ಲಲು ನನಗೇ ಆಗುತ್ತಿರಲಿಲ್ಲ.

"ಹೋಗಿ ಬೇಲಿಯಾಚೆ ಅವಳಿಗೆ ಹೇಳು ಮೊದ್ಲು" ಅಂದರು ಮಾವ.

ಹೋದೆ. ಅಕ್ಕ ಬಾಟಲಿ ತೊಳೆಯುತ್ತಿದ್ದರು. ಎಲ್ಲ ಕೇಳಿಸಿಕೊಂಡರು.

"ಮಗಳದು ಅಂತ ಮುಚ್ಚಿಟ್ರಾ?"

"ಹೌದು ಅಕ್ಕ."

"ನನ್ನ ಮಕ್ಕಳೂ ಜೇನನ್ನೇ ನಂಬ್ಕೊಂಡಿದಾವೆ." ಅಷ್ಟೇ. ಮತ್ತೆ ಬಾಟಲಿ ತೊಳೆಯತೊಡಗಿದರು. ತೊಳೆದದ್ದನ್ನೇ.

ಮಾರ್ಚ್ 22, ಮಧ್ಯಾಹ್ನ

ಅಕ್ಕನೇ ತಮ್ಮ ಪೆಟ್ಟಿಗೆ ತೆರೆದುಕೊಟ್ಟರು. ಅವರದರಿಂದ ಒಂದು ತುಂಡು ಎರಿ, ಮಗಳದರಿಂದ ಒಂದು ತುಂಡು ಕೊಯ್ದೆ. ಪ್ಲಾಸ್ಟಿಕ್ಕಿನಲ್ಲಿ ಬೂಷ್ಟು ಹಿಡಿಯುತ್ತದೆ, ಪೇಪರಿನಲ್ಲಿ ಸುತ್ತಿ ಕಳಿಸಿ ಅಂದಿದ್ದಾರೆ ಲ್ಯಾಬಿನವರು. ರಟ್ಟಿನ ಡಬ್ಬಿಗೆ ಹಾಕಿ, ಮೇಲೆ ನನ್ನ ಹೆಸರು ಬರೆದೆ. ಮಾವ ತಮ್ಮ ಹೆಸರು ಬರೆಯಬೇಕು ಅಂದರು. ನಾನು ಒಪ್ಪಲಿಲ್ಲ.

ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಅತ್ತರೂ ಸಾಕಿತ್ತು.

"ಹಾಗಾದ್ರೆ ನಾನು ಯಾವುದಕ್ಕೆ ಬರ್ಲಿ ಅಮ್ಮ?"

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. 

ಆಮೇಲೆ ಅವಳೇ, "ಅಕ್ಕಪಕ್ಕದೋರಿಗೆಲ್ಲ ಹೇಳಿದ್ಯಾ?" ಅಂತ ಕೇಳಿದಳು. ಜೇನು ಸಾಕುವ ಇನ್ನೂ ಇಬ್ಬರಿಗೆ ಹೇಳಬೇಕು ಅಂದೆ. "ನಾನು ಬಂದ್ಮೇಲೆ ಹೇಳೋಣ ಅಂತ ಕಾಯ್ಬೇಡ" ಅಂದಳು. ಬರುವುದಿಲ್ಲ ಅಂದಳೋ, ಬರುತ್ತೇನೆ ಅಂದಳೋ.

ಪೋಸ್ಟಾಫೀಸ್ ಇವತ್ತು ಮುಚ್ಚಿತು. ನಾಳೆ ಭಾನುವಾರ. ನಾಳೆ ಅವಳ ಬಸ್ಸು, ಹತ್ತಿದರೆ. ಒಂದು ವಾರ ತಡೆದರೆ ಏನಾದೀತು ಅಂತ ನನ್ನೊಳಗೆ ಒಬ್ಬಳು ಕೇಳುತ್ತಲೇ ಇದ್ದಾಳೆ. ಅವಳಿಗೆ ಕೇಳಿಸಲಿ ಅಂತ ಬರೆದಿಡುತ್ತೇನೆ. ಡಬ್ಬಿ ಕಳಿಸುವುದು ಸೋಮವಾರ, ಮಾರ್ಚ್ 24.