ಕುಂಡದ ಮೇಲೆ ಎರಡು ಸಲ

ಅಪ್ಪ,

ನೀನು ಇಪ್ಪತ್ತು ವರ್ಷ ಮಾಲಿಯಾಗಿದ್ದ ಸಂಶೋಧನಾಲಯದ ಗಾಜಿನ ಮನೆಯನ್ನು ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ಮುಟ್ಟಿದರೆ ಮುನಿ ಗಿಡಕ್ಕೆ ನೆನಪಿರುತ್ತದೆಯೇ ಎಂಬ ನನ್ನ ಪ್ರಬಂಧ ಅಚ್ಚಾಗಿ ಬಂದಿದೆ. ನೀನು ಆ ಗಿಡ ಬೆಳೆಸಿದ್ದ ಹನ್ನೆರಡು ಕುಂಡಗಳ ಮಾತು ಅದರಲ್ಲಿಲ್ಲ.

ಎಲೆ ಮುಟ್ಟುವ ಮುಂಚೆ ನೀನು ಉಗುರಿನಿಂದ ಕುಂಡವನ್ನು ಎರಡು ಸಲ ತಟ್ಟುತ್ತಿದ್ದೆ. "ಬಾಗಿಲು ಬಡೀದೆ ಯಾರ ಮನೆಗಾದ್ರೂ ನುಗ್ತಾರೇನೇ?" ಎನ್ನುತ್ತಿದ್ದೆ. ನಿನ್ನ ಕೈಗೆ ಮಾತ್ರ ಆ ಎಲೆಗಳು ಮುದುಡುತ್ತಿರಲಿಲ್ಲ.

"ನನ್ನ ಪ್ರಯೋಗ ಹಾಳು ಮಾಡ್ಬೇಡ, ಇನ್ಮೇಲೆ ಒಳಗೆ ಬರ್ಬೇಡ" ಎಂದು ಒಂದು ದಿನ ನಾನೇ ನಿನಗೆ ಹೇಳಿದೆ, ಎಲ್ಲರೆದುರು. ನೀನು ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದೆ. ಆಮೇಲೆ ನೀನಿದ್ದದ್ದು ಎರಡೇ ತಿಂಗಳು.

ನೀನಿಲ್ಲವಾದ ಮೇಲೆ ಆ ಗಿಡಗಳು ಯಾರು ಮುಟ್ಟಿದರೂ ಮುದುಡುತ್ತಿದ್ದವು. ನಿನ್ನ ಹಾಗೆಯೇ ತಟ್ಟಿ ನೋಡಿದೆ. ಆಗಲೂ ಮುದುಡಿದವು.

ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಒಳಗೆ ನಾನೊಬ್ಬಳೇ ಇದ್ದೆ. ಫ್ಯಾನುಗಳು ನಿಂತಿದ್ದವು. ಬಾಗಿಲ ಪಕ್ಕದ ಮೊದಲ ಕುಂಡದಿಂದ ಟಕ್ ಟಕ್ ಎಂದು ಸದ್ದಾಯಿತು. ಆಮೇಲೆ ಎರಡನೆಯದರಿಂದ, ಮೂರನೆಯದರಿಂದ. ಸದ್ದು ಸಾಲು ಹಿಡಿದು ಬಂದು, ನನ್ನೆದುರಿನ ಹನ್ನೆರಡನೆಯ ಕುಂಡದ ಹತ್ತಿರ ನಿಂತಿತು. ಏನು ತೋಚಿತೋ, ಕೈ ಚಾಚಿ ಅದರ ಎಲೆ ಮುಟ್ಟಿದೆ.

ಮುದುಡಲಿಲ್ಲ. ಒಂದೊಂದನ್ನೇ ಮುಟ್ಟುತ್ತಾ ಬಾಗಿಲವರೆಗೆ ಹೋದೆ. ಯಾವುದೂ ಮುದುಡಲಿಲ್ಲ.

ಹೊರಡುವಾಗ ರಿಜಿಸ್ಟರ್ ತುಂಬಬೇಕಲ್ಲ, ಅಪ್ಪ. 'ಒಳಗಿದ್ದವರು' ಎಂಬಲ್ಲಿ 'ಇಬ್ಬರು' ಎಂದು ಬರೆದು, ಬೀಗ ಹಾಕದೆ ಬಂದೆ.